ಮನೆಯಲ್ಲೆಲ್ಲ ಕ್ಷೇಮವೇ

ಇಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳಲು ಹೊರಟದ್ದಕ್ಕೆ ಓದುವವರು ಮೊದಲೇ ಮನ್ನಿಸಬೇಕು. ಇದರಲ್ಲಿ ಸತ್ತವರಿಲ್ಲ, ಮನೆ ಬಿಟ್ಟು ಹೋದವರಿಲ್ಲ. ಮೊಬೈಲಿನಿಂದ ತಾನಾಗಿ ಹೊರಡುವ ಒಂದು ಮೆಸೇಜು, ಅದರ ಬೆನ್ನಿಗೆ ಹೋಗಬೇಕಿದ್ದ ಒಂದು ಲಿಂಕು, ಆ ಲಿಂಕು ತಲುಪದೆ ಹೋದ ಒಬ್ಬ ಹೆಂಗಸು, ಇಷ್ಟೇ ಇರುವುದು. ಇನ್ನೊಬ್ಬರ ಮನಸ್ಸಿನೊಳಗೆ ಇಣುಕಿ ಹೇಳುವಾಗ ತಪ್ಪುವುದುಂಟು. ತಪ್ಪಿದ್ದರೆ ಅದು ಹೇಳಿದವರದು, ಗಂಗೋತ್ರಿಯದಲ್ಲ.

ಮಡಕಶಿರಾದ ಹೊರಗೆ, ಅಮರಾಪುರದ ರಸ್ತೆಯ ಚಾಕಿ ಕೇಂದ್ರದಲ್ಲಿ ಗಂಗೋತ್ರಿಯ ದಿನ ಶುರುವಾಗುತ್ತಿದ್ದುದು ತನ್ನ ಕ್ಷೇಮವನ್ನು ತಾನೇ ವಿಚಾರಿಸಿಕೊಳ್ಳುವುದರಿಂದ. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಕಳಚುವವರೆಗೆ, ಸಾಕಿ ರೈತರಿಗೆ ಕೊಡುವ ಕೇಂದ್ರ ಅದು. ಹುಳ ಬೇಕಾದವರು ಕೇಂದ್ರದ ಪೇಜಿನ ವಿಡಿಯೊ ಕೆಳಗೆ 'ಹುಳ' ಎಂದು ಬರೆದರೆ ಅವರಿಗೆ ಒಂದು ಮೆಸೇಜು ತಾನಾಗಿ ಹೋಗಬೇಕು, ಅದರಿಂದ ಬುಕಿಂಗಿನ ಲಿಂಕು ಸಿಗಬೇಕು, ಲಿಂಕಿನಲ್ಲಿ ಹೆಸರು ತುಂಬಿದವರಿಗಷ್ಟೇ ಹುಳ. ಬಾಯಲ್ಲಿ ಹೇಳಿದ ಬುಕಿಂಗು ಜಗಳಕ್ಕೆ ದಾರಿಯೆಂದು ಕೇಂದ್ರದ ಯಜಮಾನರಾದ ಲಕ್ಷ್ಮೀನರಸಪ್ಪನವರು ಅದನ್ನು ನಿಲ್ಲಿಸಿಬಿಟ್ಟಿದ್ದರು. ಹೀಗಾಗಿ ಪ್ರತಿ ಬೆಳಗ್ಗೆ ಗಂಗೋತ್ರಿ ತನ್ನ ಸ್ವಂತ ಮೊಬೈಲಿನಿಂದ, ಫೋಟೊ ಇಲ್ಲದ ಒಂದು ಖಾತೆಯಿಂದ, 'ಹುಳ' ಎಂದು ಬರೆದು ಕಾಯುತ್ತಿದ್ದಳು. ಮೇಜಿನ ಮೇಲಿನ ಮೊಬೈಲು ಗುರ್ರೆನ್ನುತ್ತಿತ್ತು. ನಮಸ್ಕಾರ, ಹೇಗಿದ್ದೀರಿ, ಮನೆಯಲ್ಲೆಲ್ಲ ಕ್ಷೇಮವೇ. ತಾನೇ ಬರೆದ ವಾಕ್ಯವೆಂದು ಗೊತ್ತಿದ್ದೂ ಆ ಒಂದು ಗಳಿಗೆ ಎದೆಯಲ್ಲಿ ಏನೋ ತಲೆಯೆತ್ತಿ ನೋಡುತ್ತಿತ್ತು. ನೋಡಿ, ಯಾರೂ ಇಲ್ಲವೆಂದು ತಿಳಿದು, ಮತ್ತೆ ಮಲಗುತ್ತಿತ್ತು. ರಾಯದುರ್ಗದಿಂದ ಬಂದ ಮೇಲೆ ಈ ಊರಿನಲ್ಲಿ ಅವಳ ಕ್ಷೇಮ ಕೇಳುತ್ತಿದ್ದುದು ಅದೊಂದೇ. ಅವಳು ಬಾಡಿಗೆಗಿದ್ದ ಕೋಣೆಯ ಕೆಳಗಿನ ಅಂಗಡಿಯವರು ಅವಳನ್ನು ಕಂಡರೆ ನೀರು ಹಿಡಿದಾಯಿತೇ ಎಂದು ಕೇಳುತ್ತಿದ್ದರು. ಅದು ಮೋಟಾರು ನಿಲ್ಲಿಸುವ ಸಲುವಾಗಿ.

ಆ ಮೆಸೇಜನ್ನು ಬರೆಯಲು ಅವಳು ಪಟ್ಟ ಪಾಡು ಯಾರಿಗೂ ಗೊತ್ತಿರಲಿಲ್ಲ. ಮೊದಮೊದಲು ನೇರ ಲಿಂಕನ್ನೇ ಕಳಿಸುತ್ತಿದ್ದಳು. ಗುರುತಿಲ್ಲದ ಪೇಜಿನಿಂದ ಲಿಂಕು ಹೊತ್ತು ಬಂದ ಮೆಸೇಜು, ಜನ ಯಾವತ್ತೂ ತೆರೆಯದ ಒಂದು ಮೂಲೆಯಲ್ಲಿ ಹೋಗಿ ಬೀಳುತ್ತಿತ್ತು. ತೆರೆದವರಿಗೂ ಲಿಂಕು ಒತ್ತಿದರೆ ಒತ್ತಿಸಿಕೊಳ್ಳದೆ ಸುಮ್ಮನೆ ಕೂತಿರುತ್ತಿತ್ತು. ಹಾಗೆ ಹೀಗೆ ಬದಲಿಸಿ ನೋಡಿ ಕೊನೆಗೊಂದು ದಾರಿ ಸಿಕ್ಕಿತು. ಮೊದಲ ಮೆಸೇಜಿನಲ್ಲಿ ಲಿಂಕು ಇರಬಾರದು, ಮನುಷ್ಯರು ಮನುಷ್ಯರಿಗೆ ಬರೆದಂತಿರಬೇಕು, ಕೆಳಗೆ 'ಲಿಂಕ್ ಕಳಿಸಿ' ಎಂಬ ಗುಂಡಿ ಇರಬೇಕು. ಅವರಾಗಿ ಅದನ್ನು ಒತ್ತಿದರೆ ಹಿಂದೆಯೇ ಹೋದ ಲಿಂಕು ಸರಿಯಾಗಿ ತಲುಪುತ್ತದೆ. ಮನುಷ್ಯರು ಬರೆದಂತೆ ಬರೆಯಲು ಕೂತಾಗ ಅವಳ ಕೈಗೆ ಬಂದದ್ದು ರಾಯದುರ್ಗದ ಸಂಜೆ ಕಾಲೇಜಿನ ಪತ್ರಲೇಖನ. ಹಗಲೆಲ್ಲ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಿ, ಉಗುರ ಸಂದಿಯಲ್ಲಿ ನೀಲಿ ಇಟ್ಟುಕೊಂಡೇ ಬೆಂಚಿನ ಮೇಲೆ ಕೂರುತ್ತಿದ್ದ ಅವಳಿಗೆ ಕನ್ನಡದ ಮೇಷ್ಟ್ರು ಹೇಳಿದ್ದರು, ಪತ್ರದಲ್ಲಿ ಮೊದಲು ಕ್ಷೇಮ, ಆಮೇಲೆ ವಿಷಯ; ವಿಷಯವನ್ನೇ ಮೊದಲು ಹೇಳುವವನು ವಸೂಲಿಯವನು. ಅದನ್ನೇ ಮಾಡಿದಳು. ಹೇಗಿದ್ದೀರಿ, ಮನೆಯಲ್ಲೆಲ್ಲ ಕ್ಷೇಮವೇ, ಬಿಸಿಲು ಹೆಚ್ಚಾಗಿದೆ ಆರೋಗ್ಯ ನೋಡಿಕೊಳ್ಳಿ, ನಿಮ್ಮ ತೋಟದ ಸೊಪ್ಪು ಹೇಗಿದೆಯೆಂದು ತಿಳಿಯುವ ಆಸೆ. ಎಲ್ಲ ಆದ ಮೇಲೆ ಕಟ್ಟಕಡೆಗೆ, ಹುಳ ಕಾಯ್ದಿರಿಸಲು ಕೆಳಗಿನ ಗುಂಡಿ ಒತ್ತಿ. ಯಾರೂ ತಪ್ಪಿಹೋಗಬಾರದೆಂದು ಇನ್ನೊಂದು ಏರ್ಪಾಡೂ ಮಾಡಿದ್ದಳು: ಗುಂಡಿ ಒತ್ತದವರು ಮತ್ತೆ ಏನೇ ಬರೆದರೂ ಅದೇ ಮೆಸೇಜು ಮತ್ತೆ ಹೋಗುವುದು. ಹೀಗೆ ಉತ್ತರ ಹೋದವೆಲ್ಲ ಅವಳ ಕಣ್ಣೆದುರಿನಿಂದ ಸರಿದು 'ಉತ್ತರಿಸಿದವು' ಎಂಬ ಕಡೆ ಸೇರುತ್ತಿದ್ದವು. ಆ ಕಡೆ ಅವಳು ನೋಡುತ್ತಿರಲಿಲ್ಲ. ಉತ್ತರಿಸಿ ಆದದ್ದನ್ನು ಯಾಕೆ ನೋಡುವುದು.

ಅವತ್ತು ಬೆಳಗ್ಗೆ ಹುಳ ಹೊರಡುವ ದಿನ. ಒಳಗಿನ ಕೋಣೆಯಿಂದ ಒದ್ದೆ ಬೆಚ್ಚಗಿನ ಗಾಳಿ, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆಯ ಹಸಿ ವಾಸನೆ. ಲಕ್ಷ್ಮೀನರಸಪ್ಪನವರು ರೋಗ ಒಳಬರದಿರಲೆಂದು ಬಾಗಿಲ ಬಳಿ ಹರಡಿದ್ದ ಸುಣ್ಣ ತುಳಿದು ಬಂದು ಅವಳ ಮೇಜಿನ ಮುಂದೆ ನಿಂತರು.

"ಗಂಗೋತ್ರಮ್ಮ, ಮೆಸೇಜು ಹೋಗ್ತೈತೆ ಅಂತೀಯ. ಅಮರಾಪುರದ ಕಡೇಲಿ ಯಾವಾಗ್ಲೂ ತಗಳ್ಳೋರೇ ಈ ಸಲ ಬಂದಿಲ್ವಲ್ಲ."

"ಹೋಗ್ಯಾವ್ರಿ. ನಾ ದಿನಾ ಚೆಕ್ ಮಾಡೀನ್ರಿ."

"ಹೋಗ್ಯಾವ್ರಿ, ಮಾಡೀನ್ರಿ," ಎಂದ ತಿಮ್ಮರಾಜು, ಹುಳದ ತಟ್ಟೆಗಳನ್ನು ವ್ಯಾನಿಗೆ ಸಾಗಿಸುತ್ತಲೇ. ಸೊಪ್ಪು ಹೆಚ್ಚುವುದು, ವ್ಯಾನು ಓಡಿಸುವುದು ಎರಡೂ ಅವನ ಕೆಲಸ. "ಅಕ್ಕಯ್ಯ, ನಿಮ್ ರೀಗಳಿಗೇ ಒಂದು ಗಾಡಿ ಬೇರೆ ಮಾಡ್ಬೇಕು. ನಮ್ಮೂರ ಅನ್ನದಾನಮ್ಮ ದೊಡ್ಡಮ್ಮನ್ನ ಕೇಳಿದ್ರೆ ಏನಂದ್ಲು ಗೊತ್ತಾ? ಯಾವ್ಳೋ ಹುಡುಗಿ ಮೆಸೇಜ್ ಮಾಡ್ತಾಳೆ ಕಣೋ, ಕ್ಷೇಮನಾ ಅಂತಾಳೆ, ಒಳ್ಳೆ ಹುಡುಗಿ, ಹುಳಿನ ಮಾತು ಮಾತ್ರ ಎತ್ತಲ್ಲ ಅಂತ."

ಲಕ್ಷ್ಮೀನರಸಪ್ಪನವರು ನಗಲಿಲ್ಲ. "ಅದೇನು ತೆಗಿ ನೋಡಾನ," ಎಂದರು.

ಅವಳು 'ಉತ್ತರಿಸಿದವು' ತೆರೆದಳು. ಅಲ್ಲಿ ಇಷ್ಟೊಂದು ಜನ ಮಾತಾಡುತ್ತ ನಿಂತಿದ್ದಾರೆಂದು ಅವಳಿಗೆ ತಿಳಿದಿರಲೇ ಇಲ್ಲ. ಅನ್ನದಾನಮ್ಮನ ಹೆಸರು ಒತ್ತಿದಳು. ಮೈಕಿನ ಮುಂದೆ ಮಾತಾಡಿದ್ದನ್ನು ಮೊಬೈಲೇ ಬರೆದುಕೊಂಡದ್ದು, ಚುಕ್ಕಿಯಿಲ್ಲ, ನಿಲುಗಡೆಯಿಲ್ಲ.

"ಓದು, ಜೋರಾಗಿ ಓದು, ಕನ್ನಡಕ ಒಳಗೈತೆ," ಎಂದರು ಯಜಮಾನರು.

ಅವಳು ಓದಿದಳು. ಸಂಜೆ ಕಾಲೇಜಿನಲ್ಲೂ ಎದ್ದು ನಿಂತು ಓದು ಎಂದರೆ ಅವಳು ಯಾವಾಗಲೂ ಓದಿದವಳೇ. ಬೆರಳಿನ ನೀಲಿಯನ್ನು ಪುಸ್ತಕದ ಹಿಂದೆ ಮುಚ್ಚಿಟ್ಟುಕೊಂಡು, ಒಂದಕ್ಷರ ತಪ್ಪಬಾರದೆಂಬ ಭಯದಲ್ಲಿ, ಅರ್ಥ ಹಿಂದೆ ಉಳಿದರೂ ಬಾಯಿ ಮುಂದೆ ಓಡುವ ಹಾಗೆ. ನಮಸ್ಕಾರ ಕಣಮ್ಮ ಚೆನ್ನಾಗಿದ್ದೀನಿ ಹುಳ ಬೇಕಿತ್ತು ಸೊಪ್ಪು ಎದೆಮಟ್ಟ ಬಂದೈತೆ. ಅದರ ಕೆಳಗೆ ಗಂಗೋತ್ರಿಯ ಮೆಸೇಜು, ಹೇಗಿದ್ದೀರಿ, ಮನೆಯಲ್ಲೆಲ್ಲ ಕ್ಷೇಮವೇ. ಮನೇಲಿ ಎಲ್ರೂ ಅವ್ರೆ ಕಣಮ್ಮ ಮಗ ಸೊಸೆ ಮೊಮ್ಮಕ್ಕಳು ಟೀವಿ ಒದರ್ತಾನೇ ಇರ್ತೈತೆ ಇಂಗೆ ಕುಂತು ನನ್ನ ಕೇಳೋರು ಯಾರೂ ಇಲ್ಲ. ಮತ್ತೆ ಅದೇ ಮೆಸೇಜು, ಹೇಗಿದ್ದೀರಿ, ಮನೆಯಲ್ಲೆಲ್ಲ ಕ್ಷೇಮವೇ, ಆರೋಗ್ಯ ನೋಡಿಕೊಳ್ಳಿ. ಆರೋಗ್ಯ ಅಂದ್ಯಲ್ಲ ಅದಕ್ಕೇ ಹೇಳ್ತೀನಿ ಬಲಗಣ್ಣು ಮಂಜಾಗೈತೆ ಯುಗಾದಿಯಿಂದ ಈಚ್ಗೆ ಮನೇಲಿ ಯಾರ್ಗೂ ಹೇಳಿಲ್ಲ ಹೇಳಿದ್ರೆ ಹುಳಿನ ಮನೆ ಬಾಗ್ಲು ದಾಟಕ್ಕೆ ಬಿಡಲ್ಲ ನಿನಗೊಬ್ಬಳಿಗೇ ಹೇಳ್ತಿರೋದು. ಮಂಜಾಗೈತೆ ಎನ್ನುವಾಗಲೇ ಅವಳಿಗೆ ಗೊತ್ತಾಗಿತ್ತು, ನಿಲ್ಲಿಸಬೇಕೆಂದು. ನಿನಗೊಬ್ಬಳಿಗೇ ಎಂಬ ಮಾತನ್ನು ಕೂಡ ಅವಳ ಬಾಯಿ ಸ್ಪಷ್ಟವಾಗಿ, ಎಲ್ಲರಿಗೂ ಕೇಳಿಸುವಂತೆ ಓದಿತು. ಅದರ ಕೆಳಗೆ ಮತ್ತೆ, ಹೇಗಿದ್ದೀರಿ. ಕೊನೆಯದು ಮಾತ್ರ ಚಿಕ್ಕದು. ಒಂದೇ ಮಾತು ಕೇಳ್ತೀಯಲ್ಲಮ್ಮ ನಾನು ಹೇಳಿದ್ದು ಬೇಜಾರಾಯ್ತಾ.

ಒಳಗೆ ಹುಳಗಳು ಸೊಪ್ಪು ಮೇಯುವ ಸದ್ದು, ಸಣ್ಣ ಸೋನೆಯಂತೆ. ತಿಮ್ಮರಾಜು ತಟ್ಟೆ ಹಿಡಿದು ನಿಂತೇ ಇದ್ದ. "ಅಯ್ಯೋ ನಮ್ ದೊಡ್ಡಮ್ಮನಾ," ಎಂದ. ಲಕ್ಷ್ಮೀನರಸಪ್ಪನವರು ಗಂಟಲು ಸರಿಮಾಡಿಕೊಂಡರು. "ಬೈಯಲ್ಲ ಕಣಮ್ಮ," ಎಂದರು, ಬೈದಿದ್ದರೆ ಚೆನ್ನಾಗಿತ್ತೆಂದು ಅವಳಿಗೆ ಅನಿಸುವ ಹಾಗೆ. "ಆಯಮ್ಮ ನಮ್ಮ ಹಳೇ ಗಿರಾಕಿ. ಎರಡು ತಟ್ಟೆ ಮಿಕ್ಕವೆ. ಬುಕಿಂಗ್ ಗಿಕಿಂಗ್ ಏನೂ ಬ್ಯಾಡ, ತಿಮ್ಮರಾಜು ಜತೇಲಿ ನೀನೇ ಹೋಗಿ ಕೊಟ್ಟು ಬಾ. ಯಾಕೆ ಲಿಂಕು ಸಿಗ್ಲಿಲ್ಲ ಅಂತ ನೋಡ್ಕಂಡೂ ಬಾ."

ವ್ಯಾನಿನಲ್ಲಿ ಅವಳು ಮುಂದಿನ ಸೀಟಿನ ಅಂಚಿನಲ್ಲಿ ಕೂತಿದ್ದಳು. ಒಂದು ಮಾತನ್ನು ತಿಮ್ಮರಾಜುವಿಗೆ ಹೇಳಬೇಕಿತ್ತು. ಆ ಕಣ್ಣಿನ ವಿಷಯ ಅಲ್ಲಿ ಎತ್ತಬೇಡ. ಅಷ್ಟೇ. ಆದರೆ ಎತ್ತಿದವಳು ತಾನು. ಸ್ಪಷ್ಟವಾಗಿ, ಉಚ್ಚಾರ ತಪ್ಪದೆ. ಈಗ ಇವನಿಗೆ ಬುದ್ಧಿ ಹೇಳುವುದು ಯಾವ ಬಾಯಿಂದ. ಹೇಳಿದರೆ ಇವನು ಎತ್ತಬ್ಯಾಡ್ರಿ ಎಂದು ಅವಳ ದನಿಯಲ್ಲೇ ಹಾಡಿ ನಗಬಹುದು. ಅಥವಾ, ನಾನು ಅಷ್ಟು ತಿಳಿಗೇಡಿಯಾ ಅಕ್ಕಯ್ಯ ಎಂದು ನೊಂದುಕೊಳ್ಳಬಹುದು. ಶೇಂಗಾ ಹೊಲಗಳು, ರಾಗಿಯ ಕೂಳೆ, ರಸ್ತೆ ದಾಟುವ ಕುರಿಗಳ ಮುಂದೆ ನಿಂತ ವ್ಯಾನು. ಈಗ ಹೇಳುತ್ತೇನೆ, ಆ ಬೇವಿನ ಮರ ದಾಟಿದ ಮೇಲೆ ಹೇಳುತ್ತೇನೆ. ರಾಯದುರ್ಗದಲ್ಲೂ ಅವಳು ಹೀಗೆಯೇ, ಕಾರ್ಖಾನೆಯ ಗೇಟಿನವರೆಗೆ ಒಂದು ಮಾತನ್ನು ಕಚ್ಚಿ ಹಿಡಿದುಕೊಂಡು ಹೋಗಿ ಗೇಟಿನಲ್ಲಿ ನುಂಗುತ್ತಿದ್ದವಳು. ಅವಳ ಅವ್ವ ಪಾಪಕ್ಕ ಹೇಳುತ್ತಿದ್ದಳು, ನಿನ್ನ ಹೊಟ್ಟ್ಯಾಗ ಎಷ್ಟು ಮಾತು ಕೊಳೆತಾವೋ ಏನೋ ಅಂತ. ತಿಮ್ಮರಾಜು ತೆಲುಗು ಹಾಡೊಂದನ್ನು ಶಿಳ್ಳೆಯಲ್ಲಿ ಬಾರಿಸುತ್ತಿದ್ದ. ಒಮ್ಮೆ ಅವನೇ ತಿರುಗಿ, "ಏನ್ ಅಕ್ಕಯ್ಯ, ಏನಾರ ಅಂದ್ರಾ?" ಎಂದ. "ಇಲ್ರಿ," ಎಂದಳು.

ಅನ್ನದಾನಮ್ಮನ ಮನೆಯ ಮುಂದೆ ಹಿಪ್ಪುನೇರಳೆಯ ಕಡ್ಡಿಗಳು ಹೊರೆಹೊರೆಯಾಗಿ ಬಿದ್ದಿದ್ದವು. ಕುರಿಗಳು ಮುಖ ಎತ್ತದೆ ಮೇಯುತ್ತಿದ್ದವು. ಐವತ್ತು ದಾಟಿರದ, ಗಟ್ಟಿ ಕೈಗಳ ಹೆಂಗಸು ಇನ್ನೊಂದು ಹೊರೆ ಬಿಚ್ಚಿ ಹಾಕುತ್ತಿದ್ದಳು; ಅವಳೇ ಅನ್ನದಾನಮ್ಮ. ಒಳಗಿನಿಂದ ಟೀವಿಯ ಸದ್ದು ಬರುತ್ತಿತ್ತು.

"ಹುಳ ತಂದೀವ್ರಿ," ಎಂದಳು ಗಂಗೋತ್ರಿ.

"ಇವತ್ತು ತಂದ್ರೆ ಏನ್ ಬಂತವ್ವ." ದನಿಯಲ್ಲಿ ಸಿಟ್ಟಿರಲಿಲ್ಲ. "ಸೊಪ್ಪು ಬಲಿತು ಹಣ್ಣಾಗೋಯ್ತು. ಕುರಿಗಾದ್ರೂ ಆಗ್ಲಿ ಅಂತ ಕುಯ್ದ್ಬಿಟ್ಟೆ. ಇವಾದ್ರೂ ನನ್ನ ನೆನೀತವೆ."

ಸೊಸೆ ನಾಗಲಕ್ಷ್ಮಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ನಾನು ಹೇಳ್ದೆ, ಇನ್ನೊಂದು ಕಡೆ ಕೇಳಾನ ಅಂತ. ಇವ್ರು ಕೇಳ್ಬೇಕಲ್ಲ. ಆ ಹುಡುಗಿ ಇಷ್ಟು ಚೆನ್ನಾಗಿ ವಿಚಾರಿಸ್ತಾಳೆ, ಹುಳ ಕೊಡ್ದೆ ಇರ್ತಾಳಾ ಅಂತ ಕಾದ್ರು. ಬೆಳೆ ಹೋಯ್ತು."

ಗಂಗೋತ್ರಿ ಮೊಬೈಲು ನೋಡಬಹುದೇ ಎಂದು ಕೇಳಿದಳು. ಮೆಸೇಜು ಬಂದಾಗ ಹೇಗೆ ನೋಡುತ್ತೀರಿ ತೋರಿಸಿ ಎಂದಳು. ಅನ್ನದಾನಮ್ಮ ಮೊಬೈಲನ್ನು ಮುಖದ ಎಡಬದಿಗೆ ತಂದು, ಪರದೆಯ ಮೇಲ್ತುದಿಯಿಂದ ಬೆರಳು ಎಳೆದು ಮೆಸೇಜು ಬಂದ ಸೂಚನೆಗಳನ್ನು ಕೆಳಗಿಳಿಸಿದಳು. ದಪ್ಪ ದಪ್ಪ ಅಕ್ಷರದಲ್ಲಿ ಮೆಸೇಜಿನ ಮೊದಲ ಎರಡು ಸಾಲು ಅಲ್ಲಿ ನಿಂತಿತ್ತು, ಅದರಡಿ ಉತ್ತರ ಹೇಳುವ ಜಾಗ. ಅಲ್ಲೇ ಓದಿ, ಅಲ್ಲೇ ಮೈಕು ಒತ್ತಿ ಮಾತಾಡಿ ಕಳಿಸುವುದು. ಒಳಗೆ ಹೋಗಿ ಇಡೀ ಮೆಸೇಜನ್ನು ಅವಳು ತೆರೆದೇ ಇರಲಿಲ್ಲ. ಪ್ರತಿ ಬೆಳಗ್ಗೆ ಗಂಗೋತ್ರಿ ತೆರೆದೇ ನೋಡುತ್ತಿದ್ದವಳು. ಹೀಗೂ ಓದುವವರಿರುತ್ತಾರೆಂದು ಹೊಳೆದಿರಲಿಲ್ಲ. ಈ ಎರಡು ಸಾಲಿನೊಳಗೆ ಇದ್ದದ್ದು ಹೇಗಿದ್ದೀರಿ, ಮನೆಯಲ್ಲೆಲ್ಲ ಕ್ಷೇಮವೇ, ಆರೋಗ್ಯ ನೋಡಿಕೊಳ್ಳಿ. ಗುಂಡಿಯ ಮಾತು ಕೆಳಗೆ, ಕಾಣದ ಕಡೆ. ವಸೂಲಿಯವನಂತೆ ವಿಷಯ ಮೊದಲು ಹೇಳಿದ್ದರೆ ಈ ತೋಟಕ್ಕೆ ಹುಳ ಬರುತ್ತಿತ್ತು. ಅವಳು ಮೆಸೇಜು ತೆರೆದು ಗುಂಡಿ ತೋರಿಸಿ, "ಇದನ್ನ ಒತ್ತಬೇಕಿತ್ರಿ," ಎಂದಳು, ಮತ್ತು ಆ ಮಾತು ತಪ್ಪನ್ನು ಎತ್ತಿ ಆ ಹೆಂಗಸಿನ ಕೈಗೆ ಇಟ್ಟಂತೆ ಕೇಳಿಸಿತು.

"ಅಷ್ಟು ದೊಡ್ಡ ಗುಂಡಿ ಕಾಣ್ಲಿಲ್ವಾ ನಿಮ್ಗೆ?" ಎಂದಳು ನಾಗಲಕ್ಷ್ಮಿ.

"ಎಲ್ಲಿ ಕಾಣ್ತೈತೆ," ಎಂದ ತಿಮ್ಮರಾಜು, ತಟ್ಟೆಗಳ ಮೇಲಿನ ಬಟ್ಟೆ ಸರಿಪಡಿಸುತ್ತ, ಪ್ರೀತಿಯಿಂದಲೇ. "ನಮ್ ದೊಡ್ಡಮ್ಮನ ಬಲಗಣ್ಣು ಯುಗಾದಿಗೆ ರಜಾ ಹಾಕಿದ್ದು ಇನ್ನೂ ಡ್ಯೂಟಿಗೆ ಬಂದಿಲ್ಲ."

ನಾಗಲಕ್ಷ್ಮಿ ಅತ್ತೆಯ ಮುಖ ನೋಡಿದಳು. ಒಳಗೆ ಟೀವಿಯಲ್ಲಿ ಯಾರೋ ನಗುತ್ತಿದ್ದರು. "ಹೌದಾ ಅತ್ತೆ?" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಹೋದ ಬೆಳೇಲಿ ಸುಣ್ಣ ಕಟ್ಟಿ ಬೆಳ್ಳಗಾದ ಹುಳ ನೀವು ಆರಿಸ್ದೆ ಬಿಟ್ಟಿದ್ದು ಇದಕ್ಕೇನಾ? ಪೂರ್ತಿ ತಟ್ಟೆಗೆ ರೋಗ ಹತ್ಕಂತಲ್ಲ, ಅದು?"

ಅನ್ನದಾನಮ್ಮ ಕೈಲಿದ್ದ ಕಡ್ಡಿಯಿಂದ ಎಲೆಯೊಂದನ್ನು ಬಿಡಿಸಿದಳು. ಬಿಡಿಸಿ, ಎಲ್ಲಿ ಹಾಕುವುದೆಂದು ತಿಳಿಯದವಳಂತೆ ಹಿಡಿದುಕೊಂಡೇ ನಿಂತಳು. "ಯಾರೇಳಿದ್ದೋ ನಿಂಗೆ?" ಎಂದಳು ತಿಮ್ಮರಾಜುವಿಗೆ.

"ನೀನೇ ಮೆಸೇಜಲ್ಲಿ ಹೇಳಿದ್ಯಂತಲ್ಲ. ಅದು ಹುಡುಗಿ ಅಲ್ಲ ದೊಡ್ಡಮ್ಮ, ಮಿಷಿನ್ನು. ತಾನಾಗೇ ಹೋಗಾದು."

"ಮಿಷಿನ್ನು ಯಾಕೋ ಕೇಳ್ತೈತೆ ಕ್ಷೇಮನಾ ಅಂತ? ಅದಕ್ಕೇನಾಗ್ಬೇಕು ನಾನು?"

ತಿಮ್ಮರಾಜು ಗಂಗೋತ್ರಿಯ ಕಡೆ ನೋಡಿದ. ಈಗ ಹೌದು, ಮಿಷಿನ್ನೇ ಎಂದುಬಿಟ್ಟರೆ ಆಯಿತು, ಎಂದು ಅವಳಿಗೆ ತೋಚಿತು. ಹಾಗೆಂದರೆ ಈ ಹೆಂಗಸು ಯಾರಿಗೂ ಏನೂ ಹೇಳಿರಲೇ ಇಲ್ಲವೆಂದಾಗುತ್ತದೆ. ಬಾವಿಗೆ ಬಗ್ಗಿ ಮಾತಾಡಿದ ಹಾಗೆ, ಅಷ್ಟೇ. ಹೌದು, ನಾನೇ ಎಂದರೆ ಯಾರಿಗೋ ಹೇಳಿದ್ದು ನಿಜವಾಗುತ್ತದೆ, ಆ ಯಾರೋ ಅದನ್ನು ಎಲ್ಲರ ಮುಂದೆ ಜೋರಾಗಿ ಓದಿದ್ದೂ ನಿಜವಾಗುತ್ತದೆ. ಯಾವುದು ಕಡಿಮೆ ನೋವಿನದೆಂದು ಅವಳು ತೂಗುತ್ತಿರುವಾಗಲೇ, ಎಷ್ಟೋ ವರ್ಷಗಳಿಂದ ಗೇಟುಗೇಟಿನಲ್ಲಿ ನುಂಗುತ್ತ ಬಂದಿದ್ದ ಗಂಟಲು ತಾನಾಗಿ ಬಿಚ್ಚಿಕೊಂಡಿತು.

"ನಾನೇ ರೀ. ಆ ಮೆಸೇಜು ಬರದಾಕಿ ನಾನೇ. ನಿಮ್ದು ಓದಿ ಹೇಳಿದಾಕಿನೂ ನಾನೇ. ತಪ್ಪಾತ್ರಿ."

ಅನ್ನದಾನಮ್ಮ ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಎಡಗಣ್ಣಿನಿಂದ ಅವಳನ್ನು ಬಹಳ ಹೊತ್ತು ನೋಡಿದಳು. ಹುಳದ ಮೈಯಲ್ಲಿ ರೋಗ ಹುಡುಕುವವರು ನೋಡುವ ಹಾಗೆ, ಹತ್ತಿರದಿಂದ, ದ್ವೇಷವಿಲ್ಲದೆ.

"ನೀನಲ್ಲ ಬಿಡವ್ವ," ಎಂದಳು. "ಅವಳಾಗಿದ್ರೆ ಯಾರ್ಗೂ ಹೇಳ್ತಿರ್ಲಿಲ್ಲ."

ಆಮೇಲೆ ಅವಳು ಕೈಯಲ್ಲಿದ್ದ ಎಲೆಯನ್ನು ಕುರಿಗೆ ಹಾಕಿ ಒಳಗೆ ಹೋದಳು. ನಾಗಲಕ್ಷ್ಮಿ ನೀರು ಕೊಟ್ಟಳು, ಕುಡಿದರು. ಅತ್ತೆಯನ್ನು ಹಿಂದೂಪುರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕೆಂದು ಅವಳು ಅಂದದ್ದು ನಿಜವಾದ ಕಳಕಳಿಯಿಂದಲೇ. ಅದರ ಹಿಂದೆಯೇ, ಇನ್ನು ಹುಳಿನ ಮನೆ ತಾನೇ ನೋಡಿಕೊಳ್ಳಬೇಕೋ ಏನೋ ಎಂದದ್ದೂ ಕಳಕಳಿಯಿಂದಲೇ. ತಟ್ಟೆಗಳನ್ನು ಪಕ್ಕದ ಊರಿನ ಬೇರೊಬ್ಬರಿಗೆ ಇಳಿಸಿ ವ್ಯಾನು ಮರಳಿತು. ದಾರಿಯುದ್ದಕ್ಕೂ ತಿಮ್ಮರಾಜು ಶಿಳ್ಳೆ ಹಾಕಲಿಲ್ಲ. ಮಡಕಶಿರಾ ಹತ್ತಿರ ಬಂದಾಗ, "ನೀವಾದ್ರೂ ಹೇಳ್ಬಾರ್ದಿತ್ತಾ ಅಕ್ಕಯ್ಯ, ಅಲ್ಲಿ ಮಾತಾಡ್ಬೇಡ ಅಂತ," ಎಂದ. ಅವಳು ಹೂಂಗುಟ್ಟಿದಳು.

ಸಂಜೆ ಅವಳು ಮೆಸೇಜನ್ನು ತಿರುವಿ ಬರೆದಳು. ಹುಳ ಬೇಕಾದರೆ ಮೆಸೇಜು ತೆರೆದು ಗುಂಡಿ ಒತ್ತಿ, ಎಂಬುದು ಮೊದಲ ಸಾಲು. ಕ್ಷೇಮದ ಮಾತನ್ನು ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು. 'ಉತ್ತರಿಸಿದವು' ಕಡೆ ಹೋಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ತೆರೆದು ತನ್ನ ಕೈಯಿಂದಲೇ ಉತ್ತರ ಬರೆದಳು. ಅನ್ನದಾನಮ್ಮನದನ್ನು ಕೊನೆಗೆ ಉಳಿಸಿಕೊಂಡಳು. ಅನ್ನದಾನಮ್ಮ ನಂಬಿದ್ದ ಆ ಹುಡುಗಿಯಂತೆ, ಅಚ್ಚುಕಟ್ಟಾದ ಬರಹದಲ್ಲಿ, ನಿಮ್ಮ ಮಾತಿನಿಂದ ನನಗೆ ಬೇಸರವಾಗಿಲ್ಲ ಎಂದು ಬರೆದಳು. ತನ್ನದೇ ದನಿಯನ್ನು ತಾನೇ ಕದಿಯುತ್ತಿರುವಂತೆ ಅನಿಸಿ ಅಳಿಸಿದಳು. ಬೇಜಾರಾಗಿಲ್ರಿ ಎಂದು ಬರೆದಳು. ಅದನ್ನು ಆ ಹೆಂಗಸು ಯಾರದೆಂದು ನಂಬುವಳು. ಕೊನೆಗೆ ಯಾವುದನ್ನು ಕಳಿಸಿದಳೋ, ಕಳಿಸಿದಳೋ ಇಲ್ಲವೋ, ಅವಳು ಯಾರಿಗೂ ಹೇಳಿಲ್ಲ.

ಅಲ್ಲಿಂದಾಚೆಗೆ ಲಿಂಕು ಎಲ್ಲರಿಗೂ ತಪ್ಪದೆ ಹೋಗುತ್ತಿದೆ. ಲಕ್ಷ್ಮೀನರಸಪ್ಪನವರು ಅವಳನ್ನು ಹೊಗಳಿದರು. ಮುಂದಿನ ಬೆಳೆಗೆ ಬಂದ ಬುಕಿಂಗುಗಳಲ್ಲಿ ಅನ್ನದಾನಮ್ಮನ ಹೆಸರೂ ಇತ್ತು, ಅದೇ ಮೊಬೈಲಿನಿಂದ, ಹೆಸರು ಊರು ಎಲ್ಲ ಸರಿಯಾಗಿ ತುಂಬಿದ್ದು. ಮೆಸೇಜಿಗೆ ಉತ್ತರವಾಗಿ ಒಂದು ಮಾತೂ ಇರಲಿಲ್ಲ, ಗುಂಡಿ ಒತ್ತಿದ್ದಷ್ಟೇ. ಒತ್ತಿದ್ದು ಅನ್ನದಾನಮ್ಮನ ಬೆರಳೋ, ಅತ್ತೆಯ ಹೆಸರಿನಲ್ಲಿ ಸೊಸೆಯ ಬೆರಳೋ, ಅಂದರೆ ಹುಳಿನ ಮನೆಯ ಬಾಗಿಲು ಅತ್ತೆಯ ಪಾಲಿಗೆ ಇನ್ನೂ ತೆರೆದಿದೆಯೋ ಇಲ್ಲವೋ, ಗಂಗೋತ್ರಿಗೆ ತಿಳಿಯಲಿಲ್ಲ. ಹುಳ ಕೊಡಲು ಹೋಗುವ ದಿನ ಅವಳು ವ್ಯಾನು ಹತ್ತಲಿಲ್ಲ. ತಿಮ್ಮರಾಜುವನ್ನು ಕೇಳಬಹುದಿತ್ತು, ಕೇಳಲಿಲ್ಲ. ಹೇಳುತ್ತಿರುವವರಿಗೂ ಗೊತ್ತಿಲ್ಲ.